ಮಾವನವರ ದೋಣಿಯ ಜೀರ್ಣೋದ್ಧಾರ

ನಾನು ಹಾಳಾದದ್ದು ಬಾಯಿಂದ. ಅದೂ ಉದ್ದುದ್ದ ಭಾಷಣ ಮಾಡಿ ಅಲ್ಲ, "ನಾನು ಮಾಡ್ತೀನಿ" ಎಂಬ ಎರಡೇ ಪದಗಳಿಂದ. ಆವತ್ತು ಆ ಎರಡು ಪದ ನುಂಗಿಕೊಂಡು ಎದ್ದು ಕೈ ತೊಳೆದುಕೊಂಡಿದ್ದರೆ ಇವತ್ತು ನನ್ನ ಎಡಗೈ ಹೆಬ್ಬೆರಳಿಗೆ ಉಗುರು ಇರುತ್ತಿತ್ತು, ಸ್ಕೂಟರಿಗೆ ನೆರಳು ಇರುತ್ತಿತ್ತು, ಮನೆಯಲ್ಲಿ ನನ್ನ ಮಾತಿಗೂ ಅಷ್ಟಿಷ್ಟು ಬೆಲೆ ಇರುತ್ತಿತ್ತು. (ಮೂರನೆಯದು ಮೊದಲೂ ಇರಲಿಲ್ಲ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅವಳಿಗೆ ಲೆಕ್ಕ ಸರಿಯಾಗಿಡುವ ಚಟ.)

ಮಾವನವರ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದೆವು. ಅವರದೊಂದು ಅಲ್ಯೂಮಿನಿಯಂ ದೋಣಿ ಇದೆ. ಮೂವತ್ತೈದು ವರ್ಷ ಅದರಲ್ಲಿ ಮೀನು ಹಿಡಿದಿದ್ದಾರೆ. ಈಗ ಸೋರುತ್ತದೆ ಎಂದು ಹಿತ್ತಿಲಲ್ಲಿ ಬೋರಲು ಹಾಕಿದ್ದರು. ಊಟದ ನಡುವೆ ಅವರು, ಅದನ್ನು ಗುಜರಿಯವನಿಗೆ ಹೇಳಿದ್ದೇನೆ, ಬಂದು ಒಯ್ಯುತ್ತಾನೆ ಎಂದರು. ನನ್ನ ಹೆಂಡತಿಯ ಕೈಯಲ್ಲಿದ್ದ ನೀರಿನ ಲೋಟ ಅರ್ಧದಲ್ಲೇ ನಿಂತಿತು. ಏಳನೇ ವಯಸ್ಸಿಗೆ ಅವಳು ಹುಟ್ಟು ಹಾಕಲು ಕಲಿತದ್ದು ಆ ದೋಣಿಯಲ್ಲಿ. ನೋಡುತ್ತೇನೆ, ಅವಳ ಕಣ್ಣು ತುಂಬಿದೆ. ಇಪ್ಪತ್ತು ವರ್ಷದ ಸಂಸಾರದಲ್ಲಿ ಈರುಳ್ಳಿಯ ಹೊರತು ಬೇರೆ ಯಾವುದಕ್ಕೂ, ಯಾರಿಗೂ ಅವಳ ಕಣ್ಣು ತುಂಬಿದ್ದನ್ನು ನಾನು ಕಂಡಿರಲಿಲ್ಲ.

ಎದುರಿಗೆ ನನ್ನ ಷಡ್ಡಕ ಕೂತಿದ್ದ. ನನ್ನ ಹೆಂಡತಿಯ ಅಕ್ಕನ ಗಂಡ, ಕಾರ್ಖಾನೆಯಲ್ಲಿ ಮೇಸ್ತ್ರಿ. ನಾವೆಲ್ಲ ಅಂಗಿಯ ಜೇಬಿನಲ್ಲಿ ಪೆನ್ನು ಇಟ್ಟುಕೊಂಡರೆ ಅವನು ಸ್ಕ್ರೂಡ್ರೈವರ್ ಇಟ್ಟುಕೊಳ್ಳುವ ಮನುಷ್ಯ. ಮಾವನವರು ಅವನನ್ನು "ಅಳಿಯಂದಿರು" ಎನ್ನುತ್ತಾರೆ, ನನ್ನನ್ನು "ಏನಪ್ಪಾ" ಎನ್ನುತ್ತಾರೆ. ಅವನು ಗಂಟಲು ಸರಿಮಾಡಿಕೊಳ್ಳುವುದು ಕಾಣಿಸಿತು. ಅವನ ಬಾಯಿ ತೆರೆಯುವ ಮೊದಲೇ ನನ್ನದು ತೆರೆದುಬಿಟ್ಟಿತು.

ಮಾವನವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಕರಾರು ಹಾಕಿದರು. ಕೆರೆಯಲ್ಲಿ ಮೀನು ಹಿಡಿಯಲು ಮತ್ತೆ ಬಿಡುವುದು ಇನ್ನೆರಡು ತಿಂಗಳಿಗೆ. ಆ ಮೊದಲ ಭಾನುವಾರ ದೋಣಿ ಒಂದು ಗಂಟೆ ನೀರಿನ ಮೇಲಿರಬೇಕು, ಒಳಗೆ ಒಂದು ಹನಿ ಕಾಣಬಾರದು. ಕಂಡರೆ ಗುಜರಿಯವನು ದಡದಿಂದಲೇ ಎತ್ತಿಕೊಂಡು ಹೋಗುತ್ತಾನೆ. ನಾನು ಒಪ್ಪಿದೆ. ಆಗ ನನ್ನ ಹೆಂಡತಿ ನನ್ನನ್ನು ನೋಡಿದಳು ನೋಡಿ, ಮದುವೆಯಾದ ಹೊಸತರಲ್ಲಿ ನೋಡುತ್ತಿದ್ದಳಲ್ಲ, ಆ ನೋಟ. ಅದನ್ನು ಕಳೆದುಕೊಳ್ಳಲು ನಾನು ಏನೇನು ಮಾಡಿದೆ ಎಂಬುದೇ ಮುಂದಿನ ಕಥೆ.

ದೋಣಿ ಲಾರಿಯಲ್ಲಿ ಬಂತು. ಅದರ ಉದ್ದ ಹದಿನಾಲ್ಕು ಅಡಿ, ನಮ್ಮ ವರಾಂಡದ ಉದ್ದ ಹತ್ತು ಅಡಿ. ಈ ವಿಷಯ ಇಬ್ಬರಿಗೂ ಮೊದಲೇ ಹೊಳೆಯಲಿಲ್ಲ. ಅಲ್ಲಿದ್ದ ಸ್ಕೂಟರನ್ನು ಬಿಸಿಲಿಗೆ ತಳ್ಳಿ, ಎರಡು ಬೆಂಚಿನ ಮೇಲೆ ದೋಣಿಯನ್ನು ಏರಿಸಿದಾಗ ಉಳಿದ ನಾಲ್ಕು ಅಡಿ ಮೂತಿ ಮುಂಬಾಗಿಲಿಗೆ ಅಡ್ಡಲಾಗಿ ಹಣೆಮಟ್ಟಕ್ಕೆ ನಿಂತಿತು. ಅಂದಿನಿಂದ ನಮ್ಮ ಮನೆಗೆ ಯಾರೇ ಬಂದರೂ ತಲೆ ಬಗ್ಗಿಸಿಯೇ ಒಳಗೆ ಬರಬೇಕಾಯಿತು. ಪೋಸ್ಟಿನವನಿಂದ ಹಿಡಿದು ನಮ್ಮ ಸಾಹೇಬರವರೆಗೆ ಎಲ್ಲರೂ ನನ್ನ ಮನೆಯಲ್ಲಿ ಇಷ್ಟು ವಿನಯದಿಂದ ನಡೆದುಕೊಂಡದ್ದು ಅದೇ ಮೊದಲು. ಹೊರಗೆ ಹೋಗುವಾಗ ಮಾತ್ರ ಮರೆತು ಹಣೆ ಚಚ್ಚಿಕೊಳ್ಳುತ್ತಿದ್ದರು.

ಮೊದಲ ಆರು ವಾರ ಬಣ್ಣ ಕೆರೆಯುವುದರಲ್ಲೇ ಹೋಯಿತು. ಬೂದು ಬಣ್ಣ ಕೆರೆದರೆ ಅದರಡಿ ಹಸಿರು, ಹಸಿರು ಕೆರೆದರೆ ಅದರಡಿ ಮತ್ತೆ ಬೂದು. ಬಣ್ಣದ ಪುಡಿ ಹಾಸಿಗೆಗೆ ಬಂತು, ಪುಸ್ತಕಕ್ಕೆ ಬಂತು, ಕಾಫಿಗೂ ಬಂತು. ಮೂವತ್ತೈದು ವರ್ಷದ ಮೀನಿನ ವಾಸನೆ ಎಚ್ಚೆತ್ತು ಬೀದಿಯ ಬೆಕ್ಕುಗಳಿಗೆಲ್ಲ ಸುದ್ದಿ ಮುಟ್ಟಿಸಿತು. ಅವು ಸಂಜೆಯಾದರೆ ಕಾಂಪೌಂಡಿನ ಮೇಲೆ ಸಾಲಾಗಿ ಕೂತು ನನ್ನ ಕೆಲಸ ನೋಡುತ್ತಿದ್ದವು. ನನ್ನ ಕೆಲಸವನ್ನು ಯಾರಾದರೂ ಇಷ್ಟು ಶ್ರದ್ಧೆಯಿಂದ ನೋಡಿದ್ದು ಆಗ ಮಾತ್ರ.

ನಾನು ಜನನ ಮರಣ ನೋಂದಣಿ ಕಚೇರಿಯ ಗುಮಾಸ್ತ. ಇಪ್ಪತ್ತಾರು ವರ್ಷದ ಸರ್ವಿಸು. ನಮ್ಮಲ್ಲಿ ದಾಖಲೆಗೆ ಬಾರದೆ ಯಾರೂ ಹುಟ್ಟುವ ಹಾಗಿಲ್ಲ, ಸಾಯುವ ಹಾಗಂತೂ ಇಲ್ಲವೇ ಇಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ ಅನಾಹುತದ ಬೇರು ಇರುವುದು ಇಲ್ಲಿ.

ಸೋರುವ ಜಾಗ ಹುಡುಕಬೇಕಾದರೆ ದೋಣಿಯ ಒಳಗೆ ನೀರು ತುಂಬಿಸಿ ಹೊರಗೆ ಎಲ್ಲಿ ಜಿನುಗುತ್ತದೆ ನೋಡು ಎಂದು ಮಾವನವರು ಫೋನಿನಲ್ಲಿ ಹೇಳಿದರು. ಅರ್ಧ ತುಂಬಿಸಿದೆವು. ತಗಡುಗಳನ್ನು ಜೋಡಿಸಲು ದೋಣಿಯ ಪಕ್ಕೆಯುದ್ದಕ್ಕೂ ಒಂದೇ ಸಾಲಿನಲ್ಲಿ ರಿವೆಟ್ ಮೊಳೆ ಹೊಡೆದಿದ್ದರು. ಎಣಿಸಿದರೆ ನಲವತ್ತೆರಡು. ಅವುಗಳಲ್ಲಿ ಹನ್ನೊಂದರ ಸುತ್ತ ನೀರು ಜಿನುಗುತ್ತಿತ್ತು. ನನ್ನ ಹೆಂಡತಿ ಒಳಗಿನಿಂದ ಉಗುರಿಗೆ ಹಚ್ಚುವ ಬಣ್ಣದ ಸೀಸೆ ತಂದು, ಹನ್ನೊಂದಕ್ಕೂ ಒಂದೊಂದು ಚುಕ್ಕೆ ಇಟ್ಟುಬಿಡೋಣ ಎಂದಳು. ನಾನು ನಕ್ಕೆ. ಸರ್ಕಾರಿ ನೌಕರ ನಗುವ ರೀತಿಯಲ್ಲೇ ನಕ್ಕೆ. ಹೊಸ ರಿಜಿಸ್ಟರು ತೆಗೆದು ಗೆರೆ ಎಳೆದೆ. ಕ್ರಮ ಸಂಖ್ಯೆ, ರಿವೆಟ್ ಸಂಖ್ಯೆ, ಸೋರಿಕೆಯ ಸ್ವರೂಪ, ಷರಾ. ದೋಣಿಯ ಹೊರಗೆ ನಿಂತು ಎಡದಿಂದ ಬಲಕ್ಕೆ ಎಣಿಸುತ್ತ ಒಂದೊಂದನ್ನೂ ದಾಖಲಿಸಿದೆ. ಷರಾ ಕಾಲಮಿನಲ್ಲಿ "ಧಾರಾಕಾರ" ಎಂದು ಎರಡು ಕಡೆ ಬರೆದೆ. ನನ್ನ ಅಕ್ಷರ ಮೊದಲಿಂದಲೂ ಚೆನ್ನ.

ಮರುದಿನ ನೀರು ಖಾಲಿ ಮಾಡಿ, ಡ್ರಿಲ್ ಹಿಡಿದು ದೋಣಿಯೊಳಗೆ ಇಳಿದೆ. ರಿಜಿಸ್ಟರನ್ನು ಮಂಡಿಯ ಮೇಲಿಟ್ಟುಕೊಂಡು ಅದೇ ಪಕ್ಕೆಯ ರಿವೆಟ್‌ಗಳನ್ನು ಎಡದಿಂದ ಬಲಕ್ಕೆ ಎಣಿಸಿ, ಹನ್ನೊಂದನ್ನು ಕೊರೆದು ತೆಗೆದೆ. ಒಂದೊಂದು ತೆಗೆದಾಗಲೂ ಕೆಂಪು ಶಾಯಿಯಲ್ಲಿ ಗುರುತು ಹಾಕಿದೆ. ಹನ್ನೊಂದನೆಯದು ಮುಗಿದು ಬೆನ್ನು ನೆಟ್ಟಗೆ ಮಾಡುವ ಹೊತ್ತಿಗೆ ಹೆಂಡತಿ ಕಾಫಿ ತಂದಳು. ಹೊರಗಿನಿಂದ ತೂತುಗಳನ್ನು ನೋಡಿದಳು. ಲೋಟ ಕೊಡದೆ ಕೈಯಲ್ಲೇ ಹಿಡಿದುಕೊಂಡು ಮತ್ತೊಮ್ಮೆ ನೋಡಿದಳು.

"ರೀ, ನಿನ್ನೆ ನೀವು ಎಲ್ಲಿ ನಿಂತ್ಕೊಂಡು ಎಣಿಸಿದ್ರಿ?"

"ಹೊರಗೆ."

"ಇವತ್ತು?"

"ಒಳಗೆ."

"ಎರಡು ಸಲಾನೂ ಎಡಗಡೆಯಿಂದಾನಾ?"

"ಮತ್ತೆ? ಪದ್ಧತಿ ಅಂದ್ರೆ ಪದ್ಧತಿ," ಎಂದೆ.

ಅವಳು ಮೆಟ್ಟಿಲ ಮೇಲೆ ಕುಳಿತು ನನ್ನ ಕಾಫಿಯನ್ನು ತಾನೇ ಕುಡಿದಳು. ಅರ್ಧ ಲೋಟ ಮುಗಿಯುವಷ್ಟರಲ್ಲಿ ನನಗೂ ಅರ್ಥವಾಯಿತು. ಹೊರಗಿನ ಎಡ ಒಳಗಿನ ಬಲ. ಆರೋಗ್ಯವಾಗಿದ್ದ ಹನ್ನೊಂದು ಜನಕ್ಕೆ ನಾನು ಮರಣಪತ್ರ ಬರೆದುಕೊಟ್ಟಿದ್ದೆ. ನಿಜವಾಗಿ ಸತ್ತ ಹನ್ನೊಂದು ಜನ ದಾಖಲೆಯಲ್ಲಿ ಸುಖವಾಗಿ ಬದುಕಿದ್ದರು. ಆ ಹನ್ನೊಂದನ್ನೂ ಕೊರೆದು ತೆಗೆಯದೆ ಗತಿ ಇರಲಿಲ್ಲ. ಹೀಗೆ ಹನ್ನೊಂದು ಕಡೆ ಜಿನುಗುತ್ತಿದ್ದ ದೋಣಿಯನ್ನು ಇಪ್ಪತ್ತೆರಡು ಕಡೆ ಆಚೆ ಬೀದಿ ಕಾಣುವಂತೆ ಮಾಡಿ ಮುಗಿಸಿದೆ. ಉಳಿದದ್ದು ಎರಡೂವರೆ ವಾರ.

ವೆಲ್ಡಿಂಗ್ ಅಂಗಡಿಯವನನ್ನು ಕರೆತಂದೆ. ತಲೆ ಬಗ್ಗಿಸಿ ಒಳಗೆ ಬಂದು, ತಗಡನ್ನು ಬೆರಳಿನಿಂದ ತಟ್ಟಿ, ಇದು ಸವೆದು ಹೋಗಿದೆ, ಬೆಂಕಿ ಹಿಡಿದರೆ ತೂತು ಇನ್ನೂ ದೊಡ್ಡದಾಗುತ್ತದೆ, ಹೊಸ ರಿವೆಟ್ಟೇ ಹೊಡೆಯಬೇಕು ಎಂದ. ಅದಕ್ಕೆ ಇಬ್ಬರು ಬೇಕು. ಒಬ್ಬರು ಹೊರಗಿನಿಂದ ರಿವೆಟ್ ತೂರಿಸಿ ಅದರ ತಲೆಗೆ ಕಬ್ಬಿಣದ ಗಟ್ಟಿಯನ್ನು ಒತ್ತಿ ಹಿಡಿಯಬೇಕು, ಇನ್ನೊಬ್ಬರು ಒಳಗಿನಿಂದ ಅದರ ಬಾಲವನ್ನು ಸುತ್ತಿಗೆಯಲ್ಲಿ ಬಡಿದು ಚಪ್ಪಟೆ ಮಾಡಬೇಕು. ಹೊಡೆಯುವವನ ಏಟೂ ಹಿಡಿಯುವವರ ಬಲವೂ ಒಂದೇ ಕ್ಷಣಕ್ಕೆ ಸೇರಬೇಕು, ಇಬ್ಬರ ಮನಸ್ಸೂ ಒಂದಾಗಿರಬೇಕು ಎಂದು ವಿವರಿಸಿದ. ಆಮೇಲೆ ನಮ್ಮಿಬ್ಬರ ಮುಖ ನೋಡಿ, "ಮನೇಲಿ ಬೇರೆ ಯಾರಾದ್ರೂ ಇದಾರಾ ಸಾರ್?" ಎಂದು ಕೇಳಿದ.

ಬೇರೆ ಯಾರೂ ಇರಲಿಲ್ಲ. ನಾನು ಒಳಗೆ, ಅವಳು ಹೊರಗೆ, ನಡುವೆ ತಗಡು. ಒಬ್ಬರ ಮುಖ ಒಬ್ಬರಿಗೆ ಕಾಣದು. ಹಿಡಿದಿದ್ದೀಯಾ ಎಂದು ನಾನು ಕೇಳುವುದು, ಹಿಡಿದಿದ್ದೇನೆ ಎಂದು ಅವಳು ಹೇಳುವುದು, ಗಟ್ಟಿಯಾಗಿ ಹಿಡಿ ಎಂದು ನಾನು ಹೇಳುವುದು, ಗಟ್ಟಿಯಾಗಿಯೇ ಹಿಡಿದಿದ್ದೇನೆ, ನೀವು ಎಡಗಡೆಯಿಂದ ಹೊಡೆಯುತ್ತೀರೋ ಬಲಗಡೆಯಿಂದಲೋ ಎಂದು ಅವಳು ಕೇಳುವುದು. ಅಲ್ಲಿಂದ ಮಾತು ರಿಜಿಸ್ಟರಿಗೆ, ರಿಜಿಸ್ಟರಿನಿಂದ ನಮ್ಮ ಅಮ್ಮನಿಗೆ, ಅಮ್ಮನಿಂದ ಅವಳ ಅಣ್ಣನ ಮದುವೆಯಲ್ಲಿ ನಾನು ಮುಖ ಊದಿಸಿಕೊಂಡದ್ದಕ್ಕೆ ಹೋಗುತ್ತಿತ್ತು. ಮಾತಿನ ಭರದಲ್ಲಿ ಅವಳ ಕೈ ಸಡಿಲ, ನನ್ನ ಏಟು ಓರೆ. ಮೊದಲ ಸಂಜೆ ಹೊಡೆದ ಐದು ರಿವೆಟ್‌ಗಳೂ ಸೊಟ್ಟಗಾದವು. ನನ್ನ ಹೆಬ್ಬೆರಳಿನ ಉಗುರು ಹೋದದ್ದು ಆರನೆಯದರಲ್ಲಿ.

ಭಾವನನ್ನು ಕರೆಸುತ್ತೇನೆ ಎಂದು ಅವಳು ಹೇಳಿಯೇಬಿಟ್ಟಳು. ಭಾವ ಎಂದರೆ ಆ ಸ್ಕ್ರೂಡ್ರೈವರ್ ಮನುಷ್ಯ. ಅವನು ಈ ಮನೆಯೊಳಗೆ ಕಾಲಿಟ್ಟರೆ ನಾನು ಈ ದೋಣಿ ಹತ್ತಿ ಎಲ್ಲಿಗಾದರೂ ಹೊರಟುಹೋಗುತ್ತೇನೆ ಎಂದೆ.

"ಈ ದೋಣೀಲಾ?" ಎಂದಳು.

ಅಲ್ಲಿಗೆ ಮಾತು ಬಿಟ್ಟೆವು. ಎರಡು ದಿನ ಮನೆಯಲ್ಲಿ ಪಾತ್ರೆಗಳ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮೂರನೆಯ ಸಂಜೆ ನನಗೆ ತಡೆಯಲಾಗಲಿಲ್ಲ. ಜಗಳ ಏನೇ ಇರಲಿ, ದೋಣಿ ಅವಳದು, ಗುಜರಿಗೆ ಹೋದರೆ ಹೋಗುವುದು ಅವಳ ಬಾಲ್ಯ. ಸುತ್ತಿಗೆ ಹಿಡಿದು ಹೋಗಿ ದೋಣಿಯೊಳಗೆ ಪೆಚ್ಚಾಗಿ ಕುಳಿತೆ. ಸ್ವಲ್ಪ ಹೊತ್ತಿಗೆ ಹೊರಗಿನಿಂದ ಟಕ್ ಎಂದು ಒಂದು ಸದ್ದು. ಅವಳು ಕಬ್ಬಿಣದ ಗಟ್ಟಿಯಿಂದ ತಗಡಿಗೆ ತಟ್ಟಿದ್ದಳು. ನೋಡಿದರೆ ಒಂದು ತೂತಿನಿಂದ ರಿವೆಟ್ಟಿನ ಬಾಲ ಇಣುಕುತ್ತಿತ್ತು. ಹೊಡೆದೆ. ಟಕ್ ಟಕ್ ಎಂದು ಎರಡು ಸಲ ತಟ್ಟಿ ಮುಂದಿನದಕ್ಕೆ ಸರಿದಳು.

ಹೀಗೆ ಒಂಬತ್ತು ಸಂಜೆ. ಸೊಟ್ಟಗಿದ್ದವನ್ನು ಕಿತ್ತು, ಇಪ್ಪತ್ತೆರಡನ್ನೂ ಹೊಸದಾಗಿ ಕೂರಿಸಿದೆವು. ಒಂದೇ ಒಂದು ಮಾತಿಲ್ಲ. ಒಂದೊಂದು ರಿವೆಟ್ಟೂ ಅಂಗಿಗೆ ಹೊಲಿದ ಗುಂಡಿಯ ಹಾಗೆ ಚಪ್ಪಟೆಯಾಗಿ ಕೂತಿತು. ಇಪ್ಪತ್ತು ವರ್ಷ ಮಾತಾಡಿ ಮಾಡಲಾಗದ ಕೆಲಸ ಇದು ಎಂದು ಅನ್ನಿಸಿತು. ತಗಡಿನ ಆಚೆ ಅವಳ ಉಸಿರು ಕೇಳಿಸುತ್ತಿತ್ತು. ರಿಜಿಸ್ಟರಿನ ವಿಷಯದಲ್ಲಿ ತಪ್ಪಾಯಿತು ಎಂದು ಹೇಳಬೇಕೆಂದು ಎಷ್ಟೋ ಸಲ ಬಾಯಿಗೆ ಬಂತು. ಹೇಳಿದರೆ ರಿವೆಟ್ ಸೊಟ್ಟಗಾದೀತೆಂದು ಸುಮ್ಮನಾದೆ.

ಹತ್ತನೆಯ ದಿನ ಮತ್ತೆ ನೀರು ತುಂಬಿಸಿದೆವು. ಹೆಂಡತಿ ಪಕ್ಕೆಯುದ್ದಕ್ಕೂ ಅಂಗೈ ಆಡಿಸಿ, "ಒಣಗೇ ಇದೆ," ಎಂದಳು. ಹನ್ನೆರಡು ದಿನದಲ್ಲಿ ಅವಳು ನನ್ನೊಂದಿಗೆ ಆಡಿದ ಮೊದಲ ಮಾತು.

ಭಾನುವಾರ ಕೆರೆಯ ದಡದಲ್ಲಿ ಮಾವನವರು ಗಡಿಯಾರ ಹಿಡಿದು ನಿಂತರು, ಪಕ್ಕದಲ್ಲಿ ಷಡ್ಡಕ, ಹಿಂದೆ ಗಾಡಿ ಸಮೇತ ಗುಜರಿಯವನು. ಹೆಂಡತಿ ಹುಟ್ಟು ಹಿಡಿದಳು, ನಾನು ಅವಳ ಎದುರಿಗೆ ಕುಳಿತೆ. ಜನ್ಮದಲ್ಲಿ ನಾನು ದೋಣಿ ಹತ್ತಿದ್ದು ಅದೇ ಮೊದಲು. (ಈಜು ಬರುವುದಿಲ್ಲ ಎಂಬುದನ್ನೂ ಯಾರಿಗೂ ಹೇಳಿರಲಿಲ್ಲ.) ಅವಳು ದಡದ ಹತ್ತಿರವೇ ಸುತ್ತು ಹಾಕುತ್ತಿದ್ದಳು. ನಾನು ಐದೈದು ನಿಮಿಷಕ್ಕೆ ಕರವಸ್ತ್ರದಿಂದ ತಳ ಒರೆಸಿ ನೋಡುತ್ತಿದ್ದೆ. ಕರವಸ್ತ್ರ ಒಣಗಿದ ಹಾಗೇ ಇತ್ತು. ಅರ್ಧ ಗಂಟೆಯಾಯಿತು, ಮುಕ್ಕಾಲು ಗಂಟೆಯಾಯಿತು. ಐವತ್ತೈದನೇ ನಿಮಿಷಕ್ಕೆ ಅವಳು ಹುಟ್ಟು ಹಾಕುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

"ಚೆನ್ನಾಗಿ ಮಾಡಿದ್ರಿ ರೀ," ಎಂದಳು.

ಅದೇ ನೋಟ. ಕಳೆದುಹೋಯಿತು ಎಂದುಕೊಂಡದ್ದು ತಾನಾಗಿ ತಿರುಗಿ ಬಂದಿತ್ತು. ಆ ಕ್ಷಣದಲ್ಲೇ ನನ್ನ ಪ್ರಾಣ ಹೋಗಿದ್ದರೆ ಎಷ್ಟೋ ಮರ್ಯಾದೆ ಉಳಿಯುತ್ತಿತ್ತು. ಹೊಗಳಿಸಿಕೊಂಡು ಅಭ್ಯಾಸವಿಲ್ಲದವನಿಗೆ ಹೊಗಳಿಸಿಕೊಂಡ ಮೇಲೆ ಹೇಗೆ ಕೂರಬೇಕೆಂದು ತಿಳಿಯುವುದಿಲ್ಲ. ದಡದಲ್ಲಿ ಷಡ್ಡಕ ಕಣ್ಣಿಗೆ ಕೈ ಅಡ್ಡ ಹಿಡಿದು ನಮ್ಮನ್ನೇ ನೋಡುತ್ತಿದ್ದ. ಅವನಿಗೆ ಚೆನ್ನಾಗಿ ಕಾಣಲಿ ಎಂದು ನಾನು ಎದ್ದು ನಿಂತೆ. ಎರಡೂ ಕೈ ಮೇಲೆತ್ತಿ ಬೀಸಿದೆ.

ದೋಣಿ ಒಂದು ಪಕ್ಕಕ್ಕೆ ವಾಲಿ ನಾಲ್ಕೈದು ಬಕೆಟ್ ನೀರು ಕುಡಿಯಿತು. ನಾನು ಇನ್ನೊಂದು ಪಕ್ಕದಿಂದ ಕೆರೆ ಪಾಲಾದೆ. ಸತ್ತೆ ಸತ್ತೆ ಎಂದು ಕೂಗಿಕೊಂಡೆ. ಕಾಲಿಗೆ ನೆಲ ಸಿಕ್ಕಿ ಎದ್ದು ನಿಂತರೆ ನೀರು ಸೊಂಟದವರೆಗೆ ಮಾತ್ರ ಇತ್ತು. ಹೆಂಡತಿ ಕೂತಲ್ಲಿಂದ ಅಲುಗದೆ ದೋಣಿಯನ್ನು ಸಂಭಾಳಿಸಿ ದಡಕ್ಕೆ ತಂದಳು. ಅವಳ ಪಾದದ ಮೇಲೆ ನೀರು ತುಳುಕುತ್ತಿತ್ತು. ಗುಜರಿಯವನು ಕೈ ಉಜ್ಜಿಕೊಳ್ಳುತ್ತ ಕೆಳಗಿಳಿದ.

ಒಂಬತ್ತು ಸಂಜೆ ಅವಳು ಕಬ್ಬಿಣ ಹಿಡಿದು ಉಳಿಸಿಕೊಂಡದ್ದನ್ನು ನಾನು ಎರಡು ನಿಮಿಷ ಮೆರೆಯಲು ಹೋಗಿ ಗುಜರಿಗೆ ಹಾಕಿದ್ದೆ. ನಾಚಿಕೆ ಬಿಟ್ಟು ಮಾವನವರ ಮುಂದೆ ಕೈ ಮುಗಿದೆ.

"ದೋಣಿ ತಪ್ಪಿಲ್ಲ ಮಾವ, ತಪ್ಪು ನಂದು. ಒಂದು ರಿವೆಟ್ಟೂ ಸೋರಿಲ್ಲ. ನಾನು ಎದ್ದು ನಿಂತುಬಿಟ್ಟೆ."

ಅವರು ಮಗ್ಗಿನಿಂದ ನೀರನ್ನೆಲ್ಲ ಎತ್ತಿ ಹಾಕಿ, ಹೆಗಲ ಮೇಲಿನ ಟವೆಲಿನಿಂದ ತಳ ಒರೆಸಿ, ರಿವೆಟ್ಟಿನ ಸಾಲಿನುದ್ದಕ್ಕೂ ಹೆಬ್ಬೆರಳು ಎಳೆದು ನೋಡಿದರು. ಕಾಯ್ದರು. ಮತ್ತೆ ಎಳೆದು ನೋಡಿದರು. ಆಮೇಲೆ ಗುಜರಿಯವನ ಕಡೆ ತಿರುಗಿ, "ನೀನು ಹೋಗಪ್ಪ. ದೋಣೀಲಿ ಏನೂ ದೋಷ ಇಲ್ಲ. ದೋಷ ಇದ್ದದ್ದು ಸರಕಲ್ಲಿ," ಎಂದರು. ಕಬ್ಬಿಣ ಹಿಡಿದವರು ಯಾರು ಎಂದು ವಿಚಾರಿಸಿ, ಮಗಳು ಎಂದು ತಿಳಿದ ಮೇಲೆ ತಲೆದೂಗಿದರು. ಸುತ್ತಿಗೆ ಹೊಡೆದವರು ಯಾರು ಎಂದು ವಿಚಾರಿಸಲಿಲ್ಲ.

ನಾನು ಮಂಡಿಯವರೆಗೆ ನೀರಿನಲ್ಲಿ ನಿಂತು ಹೆಂಡತಿಯ ಮುಖ ನೋಡಿದೆ. ಸ್ವಲ್ಪ ಹೊತ್ತಿನ ಹಿಂದೆ ಅವಳೇ ಆಡಿದ ಮಾತನ್ನು ಅವರಪ್ಪನ ಮುಂದೆ ಇನ್ನೊಮ್ಮೆ ಆಡಿದರೆ ಸಾಕಿತ್ತು. ಅವಳು ಕಣ್ಣೊರೆಸಿಕೊಂಡಳು, ಸೆರಗು ಸರಿಮಾಡಿಕೊಂಡಳು, ಮತ್ತೆ ಹುಟ್ಟು ಹಿಡಿದು ನನ್ನ ಜಾಗವನ್ನು ತೋರಿಸಿದಳು.

"ಹತ್ತು ಅಪ್ಪ, ಇನ್ನೊಂದು ಸುತ್ತು ಹೋಗಿ ಬರೋಣ. ಇವರು ಇಲ್ಲದೇ ಇದ್ರೆ ಎಷ್ಟು ಹಗುರವಾಗಿ ಹೋಗತ್ತೆ ನೋಡು."

ಮಾವನವರು ಹತ್ತಿ ಕುಳಿತರು. ತಳ್ಳಲು ಒಬ್ಬರು ಬೇಕಾಗಿತ್ತು, ತಳ್ಳಿದೆ. ಅವಳು ಹೇಳಿದ್ದು ನಿಜವಾಗಿತ್ತು.