ಅಪ್ಪ ಕಾಲೇಜಿಗೆ, ನಾನು ಪಾಲಕರ ಸಭೆಗೆ

ನಮ್ಮ ಮನೆಯಲ್ಲಿ ಯಾವುದೂ ಸೀದಾ ನಡೆಯುವುದಿಲ್ಲ. ಬೇರೆಯವರ ಮನೆಯಲ್ಲಿ ಅಪ್ಪ ಮಗನನ್ನು ಕಾಲೇಜಿಗೆ ಬಿಟ್ಟು ಬರುತ್ತಾನೆ. ನಮ್ಮಲ್ಲಿ ನಾನು ಅಪ್ಪನನ್ನು ಚೌಡಾಪುರದಿಂದ ಬೈಕಿನ ಹಿಂದೆ ಕೂಡಿಸಿಕೊಂಡು ಹೋಗಿ, ಅಫಜಲಪುರದ ಕಾಲೇಜಿನ ಗೇಟಿನಲ್ಲಿ ಇಳಿಸಿ, "ಕ್ಲಾಸ್ ತಪ್ಪಿಸಬ್ಯಾಡ, ಹುಡುಗೂರ ಕೂಡ ತಿರುಗಬ್ಯಾಡ" ಅಂತ ಬುದ್ಧಿ ಹೇಳಿ ಬರುತ್ತಿದ್ದೆ.

ತಪ್ಪು ನನ್ನದೇ. ನಾನು ಹತ್ತನೇ ಕ್ಲಾಸಿನ ಗಣಿತದಲ್ಲಿ ಫೇಲಾಗಿ ಆರಾಮಾಗಿದ್ದೆ. ಅಪ್ಪ ಒಂಬತ್ತಕ್ಕೇ ಶಾಲೆ ಬಿಟ್ಟವನು. ಆದರೂ ಊರಲ್ಲಿ ಯಾರ ಜಗಳವಿದ್ದರೂ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಕೂತು ಫೈಸಲಾ ಹೇಳುವವನು ಅವನೇ. ಫೈಸಲಾ ಯಾವಾಗಲೂ ಒಂದೇ: "ಇಬ್ಬರೂ ಅರ್ಧರ್ಧ ಬಿಡ್ರಿ." ಹೊಲದ ಬದುವಿಗೂ ಅದೇ, ಬಾವಿಯ ನೀರಿಗೂ ಅದೇ. ಒಮ್ಮೆ ಇಬ್ಬರು ಒಂದು ಎಮ್ಮೆಗಾಗಿ ಜಗಳಾಡಿದಾಗಲೂ ಅದನ್ನೇ ಹೇಳಿದ. ಎಮ್ಮೆಯ ಮಾಲೀಕ ಮುದುಕನಿಗಿಂತ ಎಮ್ಮೆಗೇ ಹೆಚ್ಚು ಗಾಬರಿಯಾಯಿತು.

ಇಂಥ ಅಪ್ಪ ಒಂದು ದಿನ ನನಗೆ, "ಲೇ, ಪರೀಕ್ಷಾಕ್ಕ ಮತ್ತ ಕೂಡು" ಅಂದ.

"ನೀ ಎಷ್ಟ್ ಕಲ್ತೀದಿ ಅಂತ ನನಗ ಹೇಳಾಕತ್ತೀದಿ?" ಅಂದೆ.

ಅಪ್ಪ ಸಂಜೆ ಕಟ್ಟೆಯ ಮೇಲೆ ಹಿರಿಯರ ಮುಂದೆ ಶರತ್ತು ಕಟ್ಟಿದ. "ನಾ ಹತ್ತನೇತ್ತ ಪಾಸಾಗಿ, ಕಾಲೇಜಿಗೆ ಹೋಗಿ, ಮೊದಲ್ನೇ ವರ್ಷ ದಾಟಿ ತೋರಸ್ತೇನಿ. ದಾಟಿದ್ರ ಇಂವ ಮುಚ್ಕೊಂಡು ಓದಾಕ ಹೋಗಬೇಕು. ದಾಟ್ಲಿಲ್ಲಂದ್ರ ಇವನ ಓದಿನ ಮಾತು ನಾ ಸಾಯೂತನಕ ಎತ್ತಂಗಿಲ್ಲ."

ನಾನು ಖುಷಿಯಿಂದ ಕೈಮೇಲೆ ಕೈ ಹಾಕಿದೆ. ಆ ಮನುಷ್ಯ ಹತ್ತನೇ ಕ್ಲಾಸಿನ ಪರೀಕ್ಷೆಯನ್ನು ಶಾಲೆಗೆ ಹೋಗದೆ ಹೊರಗಿನಿಂದ ಬರೆದು ಪಾಸಾಗಿಯೇ ಬಿಟ್ಟ. ಆವಾಗಿನಿಂದ ಅಪ್ಪ ಕಾಲೇಜು ಬಿಡುವ ಹಾಗೆ ಮಾಡುವುದೇ ನನ್ನ ಉದ್ಯೋಗವಾಯಿತು. ನಾನು ಜೀವನದಲ್ಲಿ ಮನಸ್ಸಿಟ್ಟು ಮಾಡಿದ ಕೆಲಸ ಅದೊಂದೇ.

ಮ್ಯಾಲಿಂದ ಬಂದಂವ

ಆ ಕಾಲೇಜಿಗೆ ಅಪ್ಪನಿಗೆ ಪ್ರವೇಶ ಸಿಕ್ಕಿದ್ದು ದೊಡ್ಡ ಮಾತೇನಲ್ಲ. ಆರ್ಟ್ಸ್ ವಿಭಾಗಕ್ಕೆ ಮಂದಿಯೇ ಬರುತ್ತಿರಲಿಲ್ಲ. ಉಸಿರಾಡುವ ಯಾರಿದ್ದರೂ ಅವರಿಗೆ ನಡೆಯುತ್ತಿತ್ತು. ಪಾಠವೂ ಹಾಗೇ. ಮಾಸ್ತರರು ಬಂದು ಹಾಜರಿ ಕರೆದು, "ಉಳಿದದ್ದು ನೀವೇ ಓದ್ಕೋರಿ" ಅಂತ ಹೋಗುತ್ತಿದ್ದರಂತೆ. ಇಂಥಲ್ಲಿ ಅಪ್ಪನಿಗೆ ಒಂದು ವಾರದಲ್ಲಿ ಬೇಸರವಾಗುವುದು ಖಚಿತವಿತ್ತು. ನಾನು ಸುಮ್ಮನಿದ್ದಿದ್ದರೆ ಸಾಕಿತ್ತು.

ನನಗೆ ಸುಮ್ಮನಿರುವುದು ಬರುವುದಿಲ್ಲ. ಕಾಲೇಜಿನ ಎದುರಿನ ಚಾದಂಗಡಿಯಲ್ಲಿ ಕೂತು, ಎಲ್ಲರಿಗೂ ಕೇಳುವಂತೆ ಗುಟ್ಟು ಹೇಳಿದೆ: "ಕಡೀ ಬೆಂಚಿನ್ಯಾಗ ಧೋತರ ಉಟ್ಕೊಂಡು ಒಬ್ಬರು ಕೂಡ್ತಾರ ನೋಡ್ರಿ, ಅವರು ವಿದ್ಯಾರ್ಥಿ ಅಲ್ರಿ. ಮ್ಯಾಲಿಂದ ಕಳಿಸ್ಯಾರ. ಯಾರ್ಯಾರು ಏನೇನ್ ಮಾಡ್ತಾರ, ಎಲ್ಲಾ ನೋಡಾಕತ್ತಾರ."

ಹುಡುಗರು ಹೆದರಿ ಅಪ್ಪನಿಂದ ದೂರ ಕೂಡುತ್ತಾರೆ, ಅಪ್ಪ ಒಂಟಿಯಾಗಿ ಓಡಿ ಬರುತ್ತಾನೆ ಅಂತ ನನ್ನ ಲೆಕ್ಕ. ಹೆದರಿದವರು ಮಾಸ್ತರರು. ಮರುದಿನದಿಂದ ಗಂಟೆ ಹೊಡೆಯುವ ಮೊದಲೇ ಬಾಗಿಲಲ್ಲಿ ನಿಲ್ಲತೊಡಗಿದರು. ಇಡೀ ತಾಸು ಪಾಠ. ಬೋರ್ಡಿನ ಮೇಲೆ ನಕಾಶೆ. "ಹಿಂದ ಕುಂತವರಿಗೆ ತಿಳೀತೇನ್ರಿ?" ಅಂತ ಅಪ್ಪನ ಮುಖವನ್ನೇ ನೋಡಿ ಕೇಳುವುದು. ಅಪ್ಪ ಕಟ್ಟೆಯ ರೂಢಿಯಂತೆ ಮೀಸೆ ತಿರುವಿ, "ಹ್ಞೂಂ, ಮುಂದ ನಡೀಲಿ" ಅನ್ನುವುದು.

ಸಂಜೆ ಮನೆಗೆ ಬಂದು ಅವ್ವನ ಮುಂದೆ ಅಂದ: "ಏನ್ ಛಂದ ಕಲಿಸ್ತಾರ ಅಂತಿ. ಇಂಥಾ ಮಾಸ್ತರರು ಇದ್ದಿದ್ರ ನಾ ಆವಾಗ ಶಾಲಿ ಬಿಡ್ತಿದ್ದಿಲ್ಲ."

ಆ ವರ್ಷ ಆ ಕಾಲೇಜಿನಲ್ಲಿ ಎಲ್ಲ ಪಾಠಗಳೂ ಮುಗಿದವು. ಕಾಲೇಜು ಕಟ್ಟಿದಾಗಿನಿಂದ ಅದೇ ಮೊದಲಂತೆ. ಯಾರೂ ನನಗೊಂದು ಶಾಲು ಹೊದಿಸಲಿಲ್ಲ.

ಪಾಲಕ

ಒಂದು ದಿನ ಅಪ್ಪ ತಲೆ ತಗ್ಗಿಸಿಕೊಂಡು ಬಂದ. "ಪಾಲಕರ ಸಭಾ ಇಟ್ಟಾರ. ಎಲ್ಲಾರೂ ಮನಿ ಮಂದೀನ್ನ ಕರ್ಕೊಂಡು ಬರಬೇಕಂತ."

"ನಿನಗೂ?"

"ಪ್ರಿನ್ಸಿಪಾಲರು ನಿಯಮ ಅಂದ್ರ ನಿಯಮ ಅಂತಾರ."

ಅಜ್ಜ ತೀರಿಕೊಂಡು ಬಹಳ ವರ್ಷವಾಗಿತ್ತು. ಅವ್ವ, "ಗಂಡನ ಚಾಡಿ ಕೇಳಾಕ ಅಫಜಲಪುರಕ್ಕ ಯಾಕ ಹೋಗಲಿ, ಊರಾಗ ಬೇಕಾದಷ್ಟು ಕೇಳೇನಿ" ಅಂದಳು. ಅಪ್ಪನ ತಾಯಿ, ಅಂದರೆ ನಮ್ಮ ಆಯಿ, ಮೊಣಕಾಲು ನೋವು ಅಂತ ಗೋಡೆಯ ಕಡೆ ಹೊರಳಿದಳು. ಉಳಿದವನು ನಾನೇ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಅಪ್ಪನದೇ ಕೈಗಡಿಯಾರ ಕಟ್ಟಿಕೊಂಡು ಹೋದೆ.

ಅಪ್ಪನಿಗೆ ಪ್ರವೇಶ ಕೊಟ್ಟವರೇ ಪ್ರಿನ್ಸಿಪಾಲರು, ನನ್ನ ಚಾದಂಗಡಿಯ ಗುಟ್ಟು ಅವರ ಮುಂದೆ ನಡೆಯಲಿಲ್ಲ; ನನಗೆ ಕುರ್ಚಿ ಕೊಟ್ಟರು. ಅಪ್ಪ ವಿದ್ಯಾರ್ಥಿಯಲ್ಲವೇ, ಪಕ್ಕದಲ್ಲಿ ಕೈಕಟ್ಟಿ ನಿಂತ. ಇಂಥ ದಿನವೂ ಬರುತ್ತದೆ ಅಂತ ಯಾರಾದರೂ ಮೊದಲೇ ಹೇಳಿದ್ದರೆ ನಾನು ಶಾಲೆಯಲ್ಲಿ ಅಷ್ಟು ಪೆಟ್ಟನ್ನು ನಕ್ಕೊಂತ ತಿನ್ನುತ್ತಿದ್ದೆ.

"ಇವರು ಕ್ಲಾಸಿನ್ಯಾಗ ಗಮನ ಕೊಟ್ಟು ಕೇಳ್ತಾರ. ಆದ್ರ ಮನ್ಯಾಗ ಪುಸ್ತಕ ಹಿಡಿಯಂಗಿಲ್ಲ ಅಂತ ಕಾಣ್ತದ," ಅಂದರು ಪ್ರಿನ್ಸಿಪಾಲರು.

"ಎಲ್ಲಿ ಹಿಡಿತಾನ್ರಿ ಸರ್," ಅಂದೆ ನಾನು ಗಂಭೀರವಾಗಿ. "ಊಟ ಆತಂದ್ರ ಕಟ್ಟಿಮ್ಯಾಲ ಹೋಗಿ ಕೂಡ್ತಾನ. ಗೆಳ್ಯಾರ ಸಂಗತಿ ಛಲೋ ಇಲ್ರಿ. ನಾ ಹೇಳಿ ಹೇಳಿ ಹೈರಾಣಾಗೇನಿ."

"ಹಂಗಂದ್ರ ಹ್ಯಾಂಗ? ನೀವು ದಿನಾ ಸಂಜೀಕಿ ಮುಂದ ಕೂಡಿಸ್ಕೊಂಡು ಪಾಠ ಓದಿ ಹೇಳಬೇಕು. ಪಾಲಕರು ಅಂದಮ್ಯಾಲ ಜವಾಬ್ದಾರಿ ಬ್ಯಾಡೇನ್ರಿ?"

ಊರಲ್ಲಿ ಬೈಕಿನಿಂದ ಇಳಿದ ಮೇಲೆ ಅಪ್ಪ ಅಂದ: "ನಮ್ಮಪ್ಪ ಬದುಕಿದ್ರ ಇದರ ಅರ್ಧಾನೂ ಬೈತಿದ್ದಿಲ್ಲ."

ಯುದ್ಧದ ಫೈಸಲಾ

ಹೀಗಾಗಿ ಪುಸ್ತಕ ಮುಟ್ಟಬಾರದು ಅಂತ ಶಾಲೆ ಬಿಟ್ಟವನು ದಿನಾ ಸಂಜೆ ಅಪ್ಪನಿಗೆ ಗಟ್ಟಿಯಾಗಿ ಓದಿ ಹೇಳುವ ಗತಿ ಬಂತು. ಅದರಲ್ಲೂ ಒಂದು ದಾರಿ ಹುಡುಕಿಕೊಂಡೆ. ಇತಿಹಾಸದಲ್ಲಿ ಇಬ್ಬರು ರಾಜರು ಒಂದು ಕೋಟೆಗಾಗಿ ಯುದ್ಧಕ್ಕೆ ನಿಲ್ಲುವ ಪಾಠವಿತ್ತು. ಸೈನ್ಯ ಎದುರುಬದುರು ಬರುವ ತನಕ ಓದಿ, ಪುಸ್ತಕ ಮುಚ್ಚಿಟ್ಟು, "ಮುಂದಿನ ಹಾಳಿ ಹರದದಪ್ಪಾ" ಅಂತ ಸುಳ್ಳು ಹೇಳಿದೆ. ಪರೀಕ್ಷೆಯಲ್ಲಿ ಅದೇ ಬಂತು: ಯುದ್ಧದ ಪರಿಣಾಮ ವಿವರಿಸಿ, ಹತ್ತು ಅಂಕ.

ಅಪ್ಪ ಪರಿಣಾಮದ ಜಾಗದಲ್ಲಿ ಫೈಸಲಾ ಬರೆದ. ಇಬ್ಬರನ್ನೂ ಕಟ್ಟೆಗೆ ಕರೆಸಬೇಕಿತ್ತು, ಚಹಾ ಕುಡಿಸಬೇಕಿತ್ತು, ಕೋಟೆಯ ಮೂಡಣ ಬಾಗಿಲು ಒಬ್ಬನಿಗೆ, ಪಡುವಣ ಬಾಗಿಲು ಇನ್ನೊಬ್ಬನಿಗೆ, ಬಾವಿಯ ನೀರು ದಿನ ಬಿಟ್ಟು ದಿನ.

ಇತಿಹಾಸದ ಮಾಸ್ತರ ವಯಸ್ಸಿನಲ್ಲಿ ಅಪ್ಪನಿಗಿಂತ ಬಹಳ ಸಣ್ಣವನು, ಹೊಸದಾಗಿ ಬಂದವನು; ನನ್ನ ಗುಟ್ಟು ಅವನ ಕಿವಿಗೆ ಬಿದ್ದಿರಲಿಲ್ಲ. ಸೊನ್ನೆ ಹಾಕಿ, ಕರೆದು ಹೇಳಿದ: "ಕಾಕಾ, ಆ ಯುದ್ಧ ಆಗಿ ಹೋಗ್ಯಾದ್ರಿ."

"ಆಗ್ಯಾದ ಅಂತ ನನಗೂ ಗೊತ್ತದ್ರಿ. ನಡುವ ಹಿರಿಯಾರು ಇದ್ದಿದ್ದಿಲ್ಲ, ಅದಕ್ಕ ಆಗ್ಯಾದ."

"ಆದ್ರ ಉತ್ತರ ತಪ್ಪು ಅದಲ್ರಿ. ಸೊನ್ನೀನ."

"ನೀವು ಸೊನ್ನಿ ಅಂತೀರಿ. ನಾ ಹತ್ತು ಅಂತೇನಿ. ಸುಮ್ನ ಯಾಕ ಮನಸ್ಸು ಕೆಡಿಸ್ಕೋಬೇಕು?" ಅಂತ ಅಪ್ಪ ಅವನ ಹೆಗಲ ಮೇಲೆ ಕೈಯಿಟ್ಟ. "ಇಬ್ಬರೂ ಅರ್ಧರ್ಧ ಬಿಡೋಣ."

ಮಾಸ್ತರ ಐದು ಅಂಕ ಕೊಟ್ಟ. ಮರುದಿನ ಇಡೀ ಕ್ಲಾಸು ಅವನ ಮೇಜಿನ ಮುಂದೆ ಪಾಳಿ ಹಚ್ಚಿ ಸಾಲಾಗಿ ನಿಂತಿತ್ತು, ಅರ್ಧರ್ಧ ಬಿಡಿಸಿಕೊಳ್ಳಲು.

ಎಮ್ಮೆಯ ಮುದುಕ

ವರ್ಷದ ಕೊನೆಗೆ ಫಲಿತಾಂಶ ಬಂತು. ಅಪ್ಪ ಎಲ್ಲದರಲ್ಲೂ ಪಾಸು, ಇಂಗ್ಲಿಷಿನಲ್ಲಿ ಮಾತ್ರ ಫೇಲು.

ನಾನು ಕಟ್ಟೆಯ ಮುಂದೆ ಕುಣಿದೆ. "ಫೇಲ್ ಅಂದ್ರ ಫೇಲ್. ನಾ ಗೆದ್ದೆ. ಇನ್ನ ಓದಿನ ಮಾತು ಬಂದ್."

"ಒಂದು ಬಿಟ್ಟು ಎಲ್ಲಾ ದಾಟೇನಿ. ದಾಟಿದ್ದು ಹೆಚ್ಚೋ, ಉಳಿದದ್ದು ಹೆಚ್ಚೋ?" ಅಂದ ಅಪ್ಪ. ದನಿಯಲ್ಲಿ ಯಾವಾಗಿನ ಜೋರು ಇರಲಿಲ್ಲ. ತನ್ನ ಜಗಳದ ಫೈಸಲಾ ತಾನೇ ಹೇಳುವ ಹಾಗಿಲ್ಲವಲ್ಲ. ಅದಕ್ಕೆ ಅವನು ಕಟ್ಟೆಯಿಂದ ಇಳಿದು ನನ್ನ ಪಕ್ಕ ನಿಂತ.

ಮೇಲೆ ಕೂತವರಲ್ಲಿ ಎಮ್ಮೆ ಜಗಳದ ಮುದುಕನಿದ್ದ. ಈ ದಿನಕ್ಕಾಗಿಯೇ ಬದುಕಿದ್ದನೋ ಏನೋ. ಎಲೆಯಡಿಕೆ ಉಗುಳಿ, ನಿಧಾನಕ್ಕೆ ಬಾಯಿ ಒರೆಸಿಕೊಂಡ.

"ಅಪ್ಪ ಪೂರಾ ಗೆದ್ದಿಲ್ಲ, ಮಗ ಪೂರಾ ಗೆದ್ದಿಲ್ಲ. ಇಬ್ಬರೂ ಅರ್ಧರ್ಧ ಬಿಡ್ರಿ. ಅಪ್ಪ ಇಂಗ್ಲಿಷ್ ಮತ್ತ ಬರೀಲಿ, ಮಗ ಗಣಿತ ಮತ್ತ ಬರೀಲಿ. ಇಬ್ಬರೂ ಪಾಸಾದ್ರ ಇಬ್ಬರೂ ಕಾಲೇಜಿಗೆ ಹೋಗ್ರಿ. ಹೆಂಗಿದ್ರೂ ಗಾಡಿ ಒಂದೇ ಅದ."

ಅಪ್ಪ ಮನೆಗೆ ಬರುವಾಗ ಗೊಣಗಿದ: "ಇದೇನ್ ಫೈಸಲಾಲೇ, ಇಬ್ಬರಿಗೂ ಸುಖ ಇಲ್ಲ."

ಊರಿನವರಿಗೆ ಇಷ್ಟು ವರ್ಷದಿಂದ ಗೊತ್ತಿದ್ದದ್ದು ಅಪ್ಪನಿಗೆ ಅಂದು ಗೊತ್ತಾಯಿತು.

ಆಯಿ ಬಂದಳು

ಗಣಿತ ಹೇಗೆ ಪಾಸಾಯಿತು ಅಂತ ಕೇಳಬೇಡಿ. ಪೇಪರು ತಿದ್ದಿದವರಿಗೂ ಗೊತ್ತಿರಲಿಕ್ಕಿಲ್ಲ. ಅಪ್ಪನ ಇಂಗ್ಲಿಷೂ ದಾಟಿತು. ಅಪ್ಪ ಎರಡನೇ ವರ್ಷ, ನಾನು ಅದೇ ಕಾಲೇಜಿನ ಮೊದಲನೇ ವರ್ಷ. ಕೆಟ್ಟದ್ದು ಏನೆಂದರೆ ಪಾಠ ಎಲ್ಲಾ ನನಗೆ ಬರುತ್ತಿತ್ತು. ಪಾಲಕನಾಗಿ ಎಲ್ಲವನ್ನೂ ಗಟ್ಟಿಯಾಗಿ ಓದಿದ್ದೆನಲ್ಲ. ಇತಿಹಾಸದಲ್ಲಿ ಕ್ಲಾಸಿಗೇ ಮೊದಲು ಬಂದೆ. ಅಪ್ಪನಿಗೆ ಹರಿದಿದೆ ಅಂದ ಹಾಳೆಯನ್ನೂ ಆಮೇಲೆ ಗುಟ್ಟಾಗಿ ಓದಿದ್ದೆ, ಆ ಯುದ್ಧವೂ ಬಾಯಿಪಾಠ. ಫೇಲಾಗಿ ಆರಾಮಾಗಿದ್ದವನ ಮರ್ಯಾದೆ ಮಣ್ಣುಪಾಲು.

ಮತ್ತೆ ಪಾಲಕರ ಸಭೆ ಬಂತು. ಈ ಸಲ ಮನೆಯಲ್ಲಿ ಪಾಲಕರೇ ಉಳಿದಿರಲಿಲ್ಲ, ಇದ್ದ ಇಬ್ಬರೂ ವಿದ್ಯಾರ್ಥಿಗಳು. ಅವ್ವನನ್ನು ಕೇಳಿದರೆ, "ಒಬ್ಬಂವಗ ಹೆಂಡತಿ, ಒಬ್ಬಂವಗ ತಾಯಿ. ಅಲ್ಲಿ ಯಾವ ಮಾರಿ ಇಟ್ಕೊಂಡು ಕೂಡ್ಲಿ?" ಅಂದಳು.

ಕೊನೆಗೆ ಆಯಿಯೇ ಎದ್ದಳು. ಶಾಲೆಯ ಮೆಟ್ಟಿಲನ್ನೇ ಹತ್ತದ ಆಯಿ ಇಳಕಲ್ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು, ಪ್ರಿನ್ಸಿಪಾಲರ ಎದುರಿನ ಕುರ್ಚಿಯಲ್ಲಿ ಕೂತಳು. ಒಂದು ಪಕ್ಕ ಅಪ್ಪ, ಇನ್ನೊಂದು ಪಕ್ಕ ನಾನು, ಇಬ್ಬರೂ ಕೈಕಟ್ಟಿ.

"ಆಯಿ, ಓದಿನ್ಯಾಗ ಇಬ್ಬರದೂ ಅಡ್ಡಿ ಇಲ್ರಿ," ಅಂದರು ಪ್ರಿನ್ಸಿಪಾಲರು. "ಆದ್ರ ನಿನ್ನೆ ಕ್ಲಾಸ್ ನಡೆದಾಗ ಇಬ್ಬರೂ ಎದುರಿನ ಚಾದಂಗಡಿಯಾಗ ಕುಂತು ಮಿರ್ಚಿ ಭಜಿ ತಿನ್ನಾಕತ್ತಿದ್ರು. ನಾನೇ ಹಿಡಿದೇನಿ."

ಆಯಿ ಮೊಣಕಾಲು ಹಿಡಿದುಕೊಂಡು ಎದ್ದಳು. ಅಪ್ಪನ ಕೆನ್ನೆಗೆ ಫಟ್ ಅಂತ ಒಂದು ಕೊಟ್ಟಳು. ಊರಿಗೆಲ್ಲ ನ್ಯಾಯ ಹೇಳುವ ಮೀಸೆ ಒಂದು ಕಡೆ ವಾಲಿತು.

"ಇವನ ಸಂಗತಿ ಮಾಡಿ ನನ್ನ ಮೊಮ್ಮಗ ಕೆಟ್ಟಾನ್ರಿ ಸಾಹೇಬ್ರ," ಅಂದಳು. "ಇಂವ ಕಾಲೇಜಿಗೆ ಬರೂತನಕ ನನ್ನ ಹುಡುಗ ಒಂದ ದಿನಾನೂ ಕ್ಲಾಸ್ ತಪ್ಪಿಸಿದಂವ ಅಲ್ಲ."

ನಿಜವೇ. ಫೇಲಾಗಿ ಮನೆಯಲ್ಲಿದ್ದು ಕ್ಲಾಸೇ ಇಲ್ಲದವನು ತಪ್ಪಿಸುವುದೇನು. ನಾನು ಮುಗ್ಧ ಮುಖ ಮಾಡಿ ನಿಂತೆ. ಅಪ್ಪ ಕೆನ್ನೆ ಸವರಿಕೊಳ್ಳುತ್ತ ನನ್ನನ್ನೇ ನೋಡುತ್ತಿದ್ದ.

ಪ್ರಿನ್ಸಿಪಾಲರಿಗೆ ಸುಮ್ಮನಿರಲು ಆಗಲಿಲ್ಲ. "ಹಂಗಲ್ರಿ ಆಯಿ. ತಪ್ಪು ಇಬ್ಬರದೂ ಅದ."

"ಹೌದೇನ್ರಿ?" ಅಂತ ಆಯಿ ನನ್ನ ಕಡೆ ತಿರುಗಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಹಂಗಿದ್ರ ಅರ್ಧರ್ಧ."

ಫೈಸಲಾ ಹೇಳುವುದನ್ನು ಅಪ್ಪ ಯಾರಿಂದ ಕಲಿತಿದ್ದ ಅಂತ ನನಗೆ ಆವತ್ತು ತಿಳಿಯಿತು. ಆದರೆ ಅರ್ಧ ಅಂತ ಅಂದು ನನ್ನ ಕೆನ್ನೆಗೆ ಪೂರಾ ಕೊಟ್ಟಳು.