ಒಬ್ಬರಿಗೆ ಒಂದೇ ಬಾಟಲಿ

ಹಡಗು ಹತ್ತಬೇಕಾದ ದಿನ ಬೆಳಗ್ಗೆ ಪಾರ್ಸೆಲಪ್ಪನ ಹೆಂಡತಿ ಎಂದಿನಂತೆ ಟೀ ಲೋಟ ಅವನ ಕೈಗಿಟ್ಟು, ಎಂದಿನಂತೆ "ಸಕ್ಕರೆ ಸಾಕಾ ನೋಡಿ" ಅಂದಳು. ಆಮೇಲೆ ಎಂದೂ ಇಲ್ಲದಂತೆ, ಬಿಳಿ ಬಟ್ಟೆಯಲ್ಲಿ ಹೊಲಿದ ಒಂದು ಬಾಟಲಿಯನ್ನು ತಂದು ಕೂಸಿನ ಹಾಗೆ ಅವನ ಮಡಿಲಲ್ಲಿ ಮಲಗಿಸಿದಳು.

"ಇದು ನಿಮ್ಮ ಜವಾಬ್ದಾರಿ. ಸೂಟ್‌ಕೇಸಿಗೆ ಹಾಕೋ ಹಾಗಿಲ್ವಂತೆ, ಕೈಯಲ್ಲೇ ಹಿಡ್ಕೊಂಡು ಬರಬೇಕಂತೆ. ಜೋಪಾನ."

ಪಾರ್ಸೆಲಪ್ಪ ಟೀ ಲೋಟವನ್ನು ಅರ್ಧಕ್ಕೇ ಕೆಳಗಿಟ್ಟ.

ಅಂಚೆ ಕಚೇರಿಯ ಪಾರ್ಸೆಲ್ ವಿಭಾಗದಲ್ಲಿ ಮೂವತ್ತು ವರ್ಷ ಕೂತು ಕೂತು ಅವನ ಸ್ವಂತ ಹೆಸರು ಅವನಿಗೇ ಮರೆತು ಹೋಗುವಷ್ಟು ಹಳೆಯದಾಗಿತ್ತು. ಊರಿಗೆಲ್ಲ ಅವನು ಪಾರ್ಸೆಲಪ್ಪ. ಬಟ್ಟೆಯಲ್ಲಿ ಗಂಟು ಹೊಲಿಯುವುದರಲ್ಲಿ, ಅರಗು ಕರಗಿಸಿ ಹಚ್ಚುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅವನ ಸಕಲ ಸಂಕಟಕ್ಕೂ ಮೂಲ ಅದೇ ಕೈಚಳಕ.

ಮದುವೆಯ ದಿನ ಅವನ ಮಾವ ಒಂದು ವೈನ್ ಬಾಟಲಿಯನ್ನು ತಮ್ಮ ಕೈಯಾರೆ ಬಿಳಿ ಬಟ್ಟೆಯಲ್ಲಿ ಹೊಲಿದು ಕೊಟ್ಟಿದ್ದರು. "ಇಪ್ಪತ್ತೈದು ವರ್ಷ ತುಂಬಿದ ದಿನ ಇಬ್ಬರೂ ಜೊತೆಗೆ ಕೂತು ಬಿಚ್ಚಿ. ಅಲ್ಲೀತನಕ ಮುಟ್ಟಬೇಡಿ" ಅಂದಿದ್ದರು. ಮಾವ ಈಗಿಲ್ಲ. ಬಾಟಲಿ ಬೀರುವಿನ ಮೇಲಿನ ಅರೆಯಲ್ಲಿತ್ತು. ಹೆಂಡತಿ ವರ್ಷಕ್ಕೊಮ್ಮೆ ಅದರ ಧೂಳು ಒರೆಸಿ, "ನಮ್ಮಪ್ಪನ ಕೈಹೊಲಿಗೆ ನೋಡಿ, ಒಂದು ದಾರ ಸಡಿಲ ಆಗಿಲ್ಲ" ಅಂತ ಕಣ್ಣು ತುಂಬಿಕೊಳ್ಳುತ್ತಿದ್ದಳು.

ಪಾರ್ಸೆಲಪ್ಪನೂ ಕಣ್ಣು ತುಂಬಿಕೊಳ್ಳುತ್ತಿದ್ದ. ಅವನ ಕಾರಣ ಬೇರೆ.

ಒಂಬತ್ತು ವರ್ಷದ ಹಿಂದೆ, ಅವನಿಗೆ ಬರಬೇಕಾಗಿದ್ದ ಬಡ್ತಿ ಪಕ್ಕದ ಕುರ್ಚಿಯವನ ಪಾಲಾದ ದಿನ, ಹೆಂಡತಿ ತವರಿಗೆ ಹೋಗಿದ್ದಾಗ, ಮಟಮಟ ಮಧ್ಯಾಹ್ನ, ಅವನು ಆ ಹೊಲಿಗೆ ಬಿಚ್ಚಿದ್ದ. ಒಂದೇ ಗುಟುಕು ಅಂದುಕೊಂಡಿದ್ದ. ಎಚ್ಚರಾದಾಗ ಬಾಟಲಿಯಲ್ಲಿ ಗಾಳಿ ಮಾತ್ರ ಇತ್ತು. ಅದೇ ಅಮಲಿನಲ್ಲಿ ಕಡು ಟೀ ಕಾಸಿ, ಆರಿಸಿ, ತುಂಬಿ, ಬಿರಡೆ ಒತ್ತಿ, ಚೀಲದಲ್ಲಿದ್ದ ಆಫೀಸಿನ ಅರಗು ಹಚ್ಚಿ, ಮಾವ ಸೂಜಿ ಹಾಕಿದ ತೂತಿನಲ್ಲೇ ಸೂಜಿ ಹಾಕಿ ಮತ್ತೆ ಹೊಲಿದಿಟ್ಟಿದ್ದ. ಯಾವ ಕೈ ಏನು ಮಾಡಿತೆಂದು ಅವನಿಗೆ ಸರಿಯಾಗಿ ನೆನಪಿರಲಿಲ್ಲ. ಹೊಲಿಗೆ ಮಾತ್ರ ಅಚ್ಚುಕಟ್ಟಾಗಿತ್ತು.

ಇವತ್ತು ಆ ಇಪ್ಪತ್ತೈದು ವರ್ಷ ತುಂಬಿತ್ತು. ಸಂಜೆ ಹಡಗಿನ ಊಟದ ಹಾಲಿನಲ್ಲಿ ಬಾಟಲಿ ತೆರೆಯುವುದೆಂದು ಹೆಂಡತಿ ಗೊತ್ತು ಮಾಡಿದ್ದಳು. ತೆರೆಯುವವನು ಅವಳ ತಮ್ಮ, ದೊಡ್ಡ ಹೋಟೆಲೊಂದರಲ್ಲಿ ಹದಿನೆಂಟು ವರ್ಷದಿಂದ ವೈನ್ ಬಡಿಸುವವನು, ಮೂಸಿ ನೋಡಿಯೇ ದ್ರಾಕ್ಷಿಯ ಜಾತಕ ಹೇಳುವ ಆಸಾಮಿ. ಅವನು ಲೋಟ ಮೂಗಿನ ಹತ್ತಿರ ತಂದು "ಅಕ್ಕಾ, ಇದು ಟೀ" ಅನ್ನುವುದನ್ನು ಪಾರ್ಸೆಲಪ್ಪ ಒಂದು ತಿಂಗಳಿಂದ ಕನಸಿನಲ್ಲಿ ಕೇಳುತ್ತಿದ್ದ. ಬೈಗುಳಕ್ಕೆ ಅವನು ಹೆದರುವವನಲ್ಲ. ಆದರೆ ಆ ಕ್ಷಣದಲ್ಲಿ ಹೆಂಡತಿಯ ಮುಖ ಹೇಗಾದೀತು ಅನ್ನುವುದನ್ನು ನೆನೆದರೇ ಅವನಿಗೆ ಅಳು ಬರುತ್ತಿತ್ತು. ಬಾಟಲಿ ಮೇಜಿನವರೆಗೆ ಬರಕೂಡದು. ಅಷ್ಟೇ.

ಮೊದಲ ಉಪಾಯ ಸುಲಭದ್ದು. ಬಂದರಿನಲ್ಲಿ ಟ್ಯಾಕ್ಸಿಯಿಂದ ಇಳಿಯುವಾಗ ಬಾಟಲಿಯನ್ನು ಸೀಟಿನ ಸಂದಿಗೆ ತುರುಕಿ, ಏನೂ ಅರಿಯದವನಂತೆ ಸೂಟ್‌ಕೇಸ್ ಎಳೆದುಕೊಂಡು ಹೊರಟ. ನೂರು ಹೆಜ್ಜೆ ಹೋಗುವಷ್ಟರಲ್ಲಿ ಹಿಂದಿನಿಂದ ಕೂಗು.

"ಯಜಮಾನ್ರೇ! ಏ ಯಜಮಾನ್ರೇ!"

ಟ್ಯಾಕ್ಸಿಯವನು ಏದುಸಿರು ಬಿಡುತ್ತ ಓಡಿ ಬಂದು ಬಾಟಲಿ ಕೈಗಿಟ್ಟ. "ಇಂಥಾ ವಸ್ತು ಬಿಟ್ಟು ಹೋಗ್ತಾರಾ ಯಾರಾದ್ರೂ? ನಾನಾಗಿದ್ದಕ್ಕೆ ಸರಿಹೋಯ್ತು."

"ದೇವರ ಹಾಗೆ ಬಂದ್ಯಪ್ಪ" ಅಂದ ಪಾರ್ಸೆಲಪ್ಪ. ಅವನ ಮುಖ ನೋಡಿದ್ದರೆ ಆ ದೇವರು ಅಲ್ಲೇ ಶಾಪ ಕೊಡುತ್ತಿದ್ದ.

ತಪಾಸಣೆಯ ಸಾಲಿನಲ್ಲಿ ಅವನಿಗೆ ಸ್ವಲ್ಪ ಜೀವ ಬಂತು. ಹಡಗಿನವರು ಹೊರಗಿನ ಬಾಟಲಿ ಕಿತ್ತಿಟ್ಟುಕೊಳ್ಳುತ್ತಾರೆಂದು ಅವನು ಕೇಳಿದ್ದ. ಹೆಂಡತಿ, ಅವಳ ತಮ್ಮ, ಇವರ ಜೊತೆಗೆ ಪ್ರವಾಸ ಹೊರಟಿದ್ದ ಮಹಡಿ ಮನೆಯ ನಿವೃತ್ತ ಮೇಷ್ಟ್ರು ಹಿಂದೆ ನಿಂತಿದ್ದರು. ಪಾರ್ಸೆಲಪ್ಪ ಬಾಟಲಿ ಎತ್ತಿ ಹಿಡಿದು, ಸುತ್ತಲಿನವರಿಗೆಲ್ಲ ಕೇಳುವ ಹಾಗೆ ಅಂದ: "ಸಾರ್, ನನ್ನ ಹತ್ರ ವೈನ್ ಇದೆ!"

ತಪಾಸಣೆಯ ಅಧಿಕಾರಿ ಆಕಳಿಸಿದ. "ಒಬ್ಬರಿಗೆ ಒಂದು ಬಾಟಲಿ ಬಿಡ್ತೀವಿ. ಮುಂದಕ್ಕೆ ಹೋಗಿ."

"ಇದರ ಮೇಲೆ ಚೀಟಿ ಇಲ್ಲ, ಏನಿಲ್ಲ. ಒಳಗೆ ಏನಿದೆಯೋ ಯಾರಿಗೆ ಗೊತ್ತು? ನೀವು ಅನುಮಾನ ಪಡಬೇಕು ಸಾರ್."

ಅಧಿಕಾರಿಗೆ ನಿಜಕ್ಕೂ ಅನುಮಾನ ಬಂತು. ಅದು ಬಾಟಲಿಯ ಮೇಲಲ್ಲ, ಪಾರ್ಸೆಲಪ್ಪನ ತಲೆಯ ಮೇಲೆ. ಅಷ್ಟರಲ್ಲಿ ಹೆಂಡತಿ ಮುಂದೆ ಬಂದು, "ನಮ್ಮ ಮದುವೆಯಾಗಿ ಇವತ್ತಿಗೆ ಇಪ್ಪತ್ತೈದು ವರ್ಷ ಸಾರ್. ಇವರಿಗೆ ಸ್ವಲ್ಪ ಗಾಬರಿ" ಅಂದಳು. ಅಧಿಕಾರಿಯ ಮುಖ ಬೆಣ್ಣೆಯಾಯಿತು. ಯಂತ್ರದೊಳಗೆ ಬಾಟಲಿ ಹಾಯಿಸಿ, ಅದರ ಕತ್ತಿಗೆ ತಾನೇ ಒಂದು ಕೆಂಪು ರಿಬ್ಬನ್ ಕಟ್ಟಿ, "ನೂರು ಕಾಲ ಬಾಳಿ" ಅಂತ ಹರಸಿ ಕೊಟ್ಟ.

ಪಾರ್ಸೆಲಪ್ಪ "ಒಂದ್ನಿಮಿಷ ಬಂದೆ" ಅಂತ ಸಾಲು ಬಿಟ್ಟು ಓಡಿದ. ಬಂದರಿನ ಅಂಗಡಿಯಿಂದ ಇನ್ನೊಂದು ವೈನ್ ಬಾಟಲಿ ಕೊಂಡು ತಂದು ಅಧಿಕಾರಿಯ ಮುಂದೆ ಕುಕ್ಕಿದ. "ಈಗ ಎರಡಾಯ್ತು ಸಾರ್. ನಿಯಮ ಅಂದ್ರೆ ನಿಯಮ. ಬಟ್ಟೆ ಸುತ್ತಿರೋದನ್ನ ಇಟ್ಕೊಳ್ಳಿ, ಇಳಿಯೋ ದಿನ ಕೊಡಿ."

"ಅಯ್ಯೋ ಅದಕ್ಕೇನಂತೆ, ನಿಮ್ಮ ಮನೆಯವರ ಪಾಲಿಗೆ ಹಾಕ್ಕೊಳ್ಳಿ" ಅಂದ ಅಧಿಕಾರಿ.

"ನನ್ನ ಚೀಲದಲ್ಲಿ ಜಾಗ ಇಲ್ಲಪ್ಪ" ಅಂದಳು ಹೆಂಡತಿ, ಚೀಲವನ್ನು ಕಂಕುಳಿಗೆ ಒತ್ತಿಕೊಂಡು.

ಪಾರ್ಸೆಲಪ್ಪನಿಗೆ ಹೆಂಡತಿಯ ಮೇಲೆ ಅಪಾರ ಪ್ರೀತಿ ಉಕ್ಕಿತು. ಅವಳ ತಮ್ಮನ ಕೈಯಲ್ಲಿ ಆಗಲೇ ಅವನದೊಂದು ಬಾಟಲಿ ಇತ್ತು. ಇನ್ನೇನು ಅಧಿಕಾರಿ ಕೈ ಚಾಚಬೇಕು, ಅಷ್ಟರಲ್ಲಿ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು.

"ತಡೀರಿ. ನಾನು ಜನ್ಮದಲ್ಲಿ ಕುಡಿದವನಲ್ಲ. ಆದರೆ ಟಿಕೆಟ್ ಪೂರ್ತಿ ಕೊಟ್ಟಿದೀನಿ. ಹಾಗಾಗಿ ನನ್ನ ಪಾಲು ಖಾಲಿ ಇದೆ." ಹೊಸ ಬಾಟಲಿಯನ್ನು ಎತ್ತಿ ತಮ್ಮ ಬಗಲಿಗೆ ಸೇರಿಸಿ, ಪಾರ್ಸೆಲಪ್ಪನ ಬೆನ್ನು ತಟ್ಟಿದರು. "ನೆರೆಹೊರೆ ಅಂತ ಇರೋದು ಯಾಕೆ ಮತ್ತೆ?"

ನೆರೆಹೊರೆ ಅಂತ ಇರೋದು ಯಾಕೆ ಅನ್ನುವುದನ್ನೇ ಪಾರ್ಸೆಲಪ್ಪನೂ ಯೋಚಿಸುತ್ತ ಹಡಗು ಹತ್ತಿದ.

ಮಧ್ಯಾಹ್ನ ಹಡಗು ದಡ ಬಿಟ್ಟ ಮೇಲೆ ಅವನು ಬಾಟಲಿ ಹಿಡಿದು ಮೇಲಿನ ಡೆಕ್ಕಿನ ಕಟಕಟೆಗೆ ಹೋಗಿ ನಿಂತ. ಕೆಳಗೆ ಸಮುದ್ರ ಯಾರ ಗುಟ್ಟನ್ನಾದರೂ ನುಂಗಲು ಸಿದ್ಧವಾಗಿದ್ದಂತೆ ಕಂಡಿತು. ಕೈ ಹೊರಗೆ ಚಾಚಿದ್ದೇ ತಡ, ಸಮವಸ್ತ್ರದ ಹೆಣ್ಣುಮಗಳೊಬ್ಬಳು ಬಂದು ಮೊಣಕೈ ಹಿಡಿದಳು. "ಸಾರ್, ಸಮುದ್ರಕ್ಕೆ ಏನೂ ಬಿಸಾಕಬಾರದು. ಮೀನಿಗೆ ತೊಂದರೆ." ಅವಳು ಅವನನ್ನು ಕೋಣೆಯ ಬಾಗಿಲವರೆಗೆ ನಡೆಸಿಕೊಂಡು ಬಂದು ಬಿಟ್ಟಳು. ಪಾಪ ಮೀನಿನ ಕಷ್ಟ ಕೇಳುವವರಿದ್ದರು.

ಸಂಜೆ ಆರಕ್ಕೆ ಊಟದ ಹಾಲ್. ಬಿಳಿ ಮೇಜುಬಟ್ಟೆ, ನಾಲ್ಕು ಗಾಜಿನ ಲೋಟ, ಕಿಟಕಿಯಾಚೆ ತಣ್ಣಗೆ ಮುಳುಗುತ್ತಿದ್ದ ಸೂರ್ಯ. ಭಾವಮೈದ ಬಿರಡೆ ತೆಗೆಯುವ ತಿರುಪು ಹಿಡಿದು ಆಪರೇಷನ್ನಿಗೆ ನಿಂತ ಡಾಕ್ಟರನಂತೆ ಕಾಯುತ್ತಿದ್ದ. ಬಾಗಿಲಲ್ಲಿ ಒಂದು ಸಣ್ಣ ಮೆಟ್ಟಿಲಿತ್ತು. ಪಾರ್ಸೆಲಪ್ಪ ಕಣ್ಣು ಮುಚ್ಚಿ, ಸತ್ತ ಮಾವನಲ್ಲಿ ಮನಸ್ಸಿನಲ್ಲೇ ಕ್ಷಮೆ ಕೇಳಿ, ಎಡವಿದ.

ಮೂವತ್ತು ವರ್ಷದಲ್ಲಿ ಪರರ ಒಂದು ಪಾರ್ಸೆಲ್ಲನ್ನೂ ಬೀಳಿಸದ ಕೈಯಿಂದ ಬಾಟಲಿ ಬಿತ್ತು. ಫಳ್ ಅಂತ ಒಡೆಯಿತು.

"ಅಯ್ಯೋ!" ಎಂದು ತಲೆ ಮೇಲೆ ಕೈ ಹೊತ್ತು ಕುಸಿದ. ಒಳಗೆ ಎದೆ ಹಗುರಾಗಿ ಹಾರುತ್ತಿತ್ತು. ಆದರೆ ನೆಲದ ಮೇಲೆ ಹರಡಿದ್ದು ಟೀ ಬಣ್ಣದ್ದಾಗಿರಲಿಲ್ಲ. ಕೆಂಪಗಿತ್ತು. ಭಾವಮೈದ ಮಂಡಿಯೂರಿ, ಒದ್ದೆ ಬಟ್ಟೆ ಎತ್ತಿ ಮೂಸಿ ಕಣ್ಣು ಮುಚ್ಚಿದ.

"ಭಾವ, ಎಂಥಾ ವೈನ್ ಹಾಳು ಮಾಡಿಬಿಟ್ರಿ! ಅಮೃತ ಅಮೃತ!"

ಪಾರ್ಸೆಲಪ್ಪ ಬಾಯಿ ತೆರೆದುಕೊಂಡು ಕೂತ. ಟೀ ಒಂಬತ್ತು ವರ್ಷ ಇಟ್ಟರೆ ವೈನ್ ಆಗುತ್ತದೆಯೇ? ಸತ್ತ ಮಾವ ಮೇಲಿನಿಂದ ಏನಾದರೂ ಮಾಡಿದರೇ? ಅವನ ಕಣ್ಣಲ್ಲಿ ನಿಜವಾದ ನೀರು ಬಂತು.

ಹೆಂಡತಿ ಅವನ ರೆಟ್ಟೆ ಹಿಡಿದು ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದಳು. ಅವಳ ಮುಖದಲ್ಲಿ ಬೇಸರದ ಸುಳಿವೇ ಇರಲಿಲ್ಲ.

"ಅಳಬೇಡಿ ರೀ. ಅದು ಅಪ್ಪನ ಬಾಟಲಿ ಅಲ್ಲ."

"ಅಲ್ಲ?"

"ಹೋದ ವಾರ ಅಂಗಡಿಯಿಂದ ತಂದು ನಾನೇ ಹೊಲಿದದ್ದು. ಊರವರ ಪಾರ್ಸೆಲ್ ಹೂವಿನ ಹಾಗೆ ನೋಡ್ಕೋತೀರಿ, ಮನೇಲಿ ಒಂದು ಗಾಜಿನ ಲೋಟ ಉಳಿಸಿದೀರಾ? ನಿಮ್ಮ ಕೈ ನನಗೆ ಗೊತ್ತಿಲ್ವಾ? ಬೇಡ ಅಂದಿದ್ರೆ ನೊಂದ್ಕೋತಿದ್ರಿ. ಅದಕ್ಕೆ ನಿಮಗೊಂದು ಕೊಟ್ಟೆ, ಅಪ್ಪಂದು ನಾನಿಟ್ಕೊಂಡೆ. ಒಬ್ಬರಿಗೆ ಒಂದು ಬಾಟಲಿ ತಾನೇ?"

ಅವಳು ಚೀಲದಿಂದ ಬಿಳಿ ಬಟ್ಟೆಯ ಬಾಟಲಿಯನ್ನು ತೆಗೆದು ಮೇಜಿನ ಮೇಲೆ ನಿಲ್ಲಿಸಿದಳು. ಪಾರ್ಸೆಲಪ್ಪ ಆ ಹೊಲಿಗೆ ನೋಡಿದ. ಒಂದು ದಾರವೂ ಸಡಿಲವಾಗಿರಲಿಲ್ಲ. ಬೆಳಗಿನಿಂದ ಹಿಡಿದು ತಿರುಗಿದ ಬಾಟಲಿಯ ಹೊಲಿಗೆಯನ್ನು ಒಮ್ಮೆ ನೋಡಿದ್ದರೆ ಸಾಕಿತ್ತು, ಯಾರ ಕೈಯದೆಂದು ತಿಳಿಯುತ್ತಿತ್ತು. ಅಪರಾಧಿಗೆ ಅದನ್ನು ನೋಡುವ ಧೈರ್ಯವೇ ಇರಲಿಲ್ಲ.

ಹೆಂಡತಿ ಪುಟ್ಟ ಕತ್ತರಿಯಿಂದ ಒಂದೊಂದೇ ಹೊಲಿಗೆ ಬಿಡಿಸಿದಳು. ಬಟ್ಟೆ ಜಾರಿತು. ಬಾಟಲಿಯ ಬಾಯಿಯ ಮೇಲೆ ಕೆಂಪು ಅರಗು ಮಿರಿಮಿರಿ ಮಿಂಚಿತು.

"ನಮ್ಮಪ್ಪ ಅರಗಿನ ಮೇಲೆ ಏನೋ ಮುದ್ರೆ ಬೇರೆ ಒತ್ತಿದಾನೆ" ಅಂದ ಭಾವಮೈದ. "ಆಶೀರ್ವಾದದ ಮಾತಿರಬೇಕು. ಅಕ್ಷರ ಸಣ್ಣದು. ಮೇಷ್ಟ್ರೇ, ನೀವು ಓದಿ."

ಮೇಷ್ಟ್ರು ಕನ್ನಡಕ ಏರಿಸಿ, ತರಗತಿಯ ಕೊನೆಯ ಬೆಂಚಿಗೂ ಕೇಳುವಂತೆ ಓದಿದರು.

"ಪಾರ್ಸೆಲ್ ವಿಭಾಗ. ಕೌಂಟರ್ ಮೂರು."

ಅರಗು ಹಚ್ಚಿದ ಮೇಲೆ ಮುದ್ರೆ ಒತ್ತದೆ ಬಿಟ್ಟ ಕೈ ಅದಲ್ಲ. ಆ ಮಧ್ಯಾಹ್ನ, ಅಷ್ಟು ಅಮಲಿನಲ್ಲೂ, ಅರಗಿನ ಜೊತೆ ಚೀಲದಲ್ಲಿದ್ದ ಆಫೀಸಿನ ಮುದ್ರೆ ಒತ್ತುವ ಕರ್ತವ್ಯವನ್ನು ಕೈ ಮರೆತಿರಲಿಲ್ಲ. ಕೌಂಟರ್ ಮೂರಕ್ಕೆ ಎಷ್ಟೋ ವರ್ಷ ಊಟದ ಡಬ್ಬಿ ತಂದುಕೊಟ್ಟವಳು ಹೆಂಡತಿ. ಅವಳು ಒಮ್ಮೆ ಮುದ್ರೆ ನೋಡಿದಳು, ಒಮ್ಮೆ ಗಂಡನ ಮುಖ ನೋಡಿದಳು. ಪಾರ್ಸೆಲಪ್ಪ ಬಡ್ತಿಯಿಂದ ಹಿಡಿದು ಟೀಯವರೆಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ. ಅವಳ ಮುಖ ಅವನು ಹೆದರಿದ್ದ ಹಾಗೆಯೇ ಆಯಿತು.

ಆಮೇಲೆ ಅವಳು ಮೇಷ್ಟ್ರ ಬಗಲಲ್ಲಿದ್ದ ಬಾಟಲಿಯನ್ನು ಕೇಳಿ ಇಸಿದುಕೊಂಡು, ತನಗೂ ತಮ್ಮನಿಗೂ ಒಂದೊಂದು ಲೋಟ ಹಾಕಿಸಿದಳು. ಅಪ್ಪನ ಬಾಟಲಿಯ ಬಿರಡೆ ತೆಗೆಸಿದಳು. ಕಪ್ಪಗೆ, ಮಡ್ಡಿಗಟ್ಟಿದ ದ್ರವ ಗಂಡನ ಲೋಟಕ್ಕೆ ಬಗ್ಗಿಸಿ, ಕಂಠದವರೆಗೆ ತುಂಬಿಸಿ, ಅವನ ಮುಂದೆ ಸರಿಸಿದಳು.

"ಸಕ್ಕರೆ ಸಾಕಾ ನೋಡಿ" ಅಂದಳು.