ತೆಗೆದರೂ ಹೋಗದ ಪ್ಯಾಕೇಜ್ ಮ್ಯಾನೇಜರ್ ಸಾಹೇಬರಿಗೆ

ಕಂಪ್ಯೂಟರಿನ ಕಪ್ಪು ಕಿಟಕಿಯೊಳಗೆ ಠಿಕಾಣಿ ಹೂಡಿ, ನಾನು ಹೆಸರು ಟೈಪಿಸಿದೊಡನೆ ಬೇಕಾದ ಸಾಫ್ಟ್‌ವೇರನ್ನು ಎಲ್ಲಿಂದಲೋ ಹೊತ್ತು ತಂದು ಹಾಕುವ ಮಾನ್ಯರೇ, ನಾರಾಯಣಪೇಟೆಯ ಸೀರೆಯಂಚಿನ ದಡಿಗಳ ನಕ್ಷೆಗಾರ ಮಾರ್ಕಂಡೇಯನ ಶರಣು. ತಾವು ಸಪರಿವಾರ ಕ್ಷೇಮವೆಂದು ಬಲ್ಲೆ. ಆ ಪರಿವಾರವೇ ಈ ಅರ್ಜಿಗೆ ಕಾರಣ.

ಮಗಳು ರಜಿತಾಳನ್ನು ಗದ್ವಾಲಕ್ಕೆ ಕೊಡುತ್ತಿದ್ದೇವೆ. ಬೀಗರೂ ನೇಯುವವರೇ, ಅದೂ ಗದ್ವಾಲದವರು! ಅವರ ಮುಂದೆ ನಮ್ಮ ಪೇಟೆಯ ಮಾನ ಉಳಿಯಬೇಕೆಂದು ಮದುವೆ ಸೀರೆಯ ದಡಿಯನ್ನು ನಾನೇ ಬರೆಯುತ್ತಿದ್ದೇನೆ. ಅದಕ್ಕಾಗಿ ಮಕ್ತಲದ ನನ್ನ ಬಾಮೈದ ಮಲ್ಲೇಶನ ಮಾತು ಕೇಳಿ, ಚಿತ್ರ ಬರೆಯುವ ಒಂದೇ ಒಂದು ಸಾಫ್ಟ್‌ವೇರ್ ತನ್ನಿರೆಂದು ತಮ್ಮನ್ನು ಕರೆಸಿದೆ. ತಾವೋ ಅದರ ಅಣ್ಣತಮ್ಮಂದಿರು, ಬೀಗರು, ಬಿಜ್ಜರು, ಆ ಬೀಗರ ನೆರೆಹೊರೆಯವರನ್ನೂ ಕರೆತಂದಿರಿ. ಎಂಥಾ ದೊಡ್ಡ ಮನಸ್ಸು ರೀ ತಮ್ಮದು! ಈಗ ದಡಿಗೆ ಒಂದು ಹೂವು ಸೇರಿಸಿ ಉಳಿಸಹೋದರೂ ಜಾಗವಿಲ್ಲ ಎನ್ನುತ್ತದೆ ಕಂಪ್ಯೂಟರ್.

ತೆಲಂಗಾಣ ಬೇರೆಯಾಯಿತು, ಮಹಬೂಬನಗರದಿಂದ ನಮ್ಮ ಜಿಲ್ಲೆಯೂ ಬೇರೆಯಾಯಿತು. ಇಷ್ಟೆಲ್ಲ ಆಗುವ ಕಾಲದಲ್ಲಿ ತಾವೊಬ್ಬರು ನನ್ನ ಕಂಪ್ಯೂಟರಿನಿಂದ ಬೇರೆಯಾಗಲಾರಿರೇ ಎಂದು ತಮ್ಮನ್ನು ತೆಗೆದುಹಾಕುವ ಆಜ್ಞೆ ಟೈಪಿಸಿದೆ. ಆದರೆ ನಮ್ಮ ಕಸಬಿನ ರೂಢಿ ನೋಡ್ರಿ: ನೇಯ್ದ ಸೀರೆಯನ್ನು ಮಗ್ಗದಿಂದ ಇಳಿಸುವಾಗ ಹಳೆಯ ಹಾಸನ್ನು, ಅಂದರೆ ಉದ್ದದ ಎಳೆಗಳನ್ನು, ಪೂರ್ತಿ ಕೀಳುವುದಿಲ್ಲ, ಎಳೆಗಳ ತುದಿಯನ್ನು ಮಗ್ಗದಲ್ಲೇ ಬಿಟ್ಟು, ಹೊಸ ಎಳೆಗಳನ್ನು ಅವಕ್ಕೇ ಗಂಟು ಹಾಕುತ್ತೇವೆ. ಅದೇ ಕೈ ಇಲ್ಲಿಯೂ ಓಡಿ, ನಾಳೆಗಿರಲಿ ಎಂದು ತಮ್ಮದೊಂದು ಪುಟ್ಟ ಫೈಲನ್ನು ಅಳಿಸದೆ ಬಿಟ್ಟೆ. ಬೆಳಗ್ಗೆ ಕಂಪ್ಯೂಟರ್ ಹಚ್ಚಿದರೆ, ಅಬ್ಬಬ್ಬಾ, ಅದೇ ಎಳೆ ಹಿಡಿದು ತಾವು ಇಡೀ ಬಳಗದೊಂದಿಗೆ ವಾಪಸ್! ನಮ್ಮ ಕಸಬನ್ನು ಇಷ್ಟು ಬೇಗ ಕಲಿತವರನ್ನು ನಾನು ಕಂಡಿಲ್ಲ. ತಮಗೊಂದು ಮಗ್ಗ ಮಂಜೂರಾಗಲೆಂದು ಶಿಫಾರಸು ಮಾಡಲು ಸಿದ್ಧನಿದ್ದೇನೆ.

ಇತ್ತ ನೇಕಾರ ಆದೆಪ್ಪ ಮಗ್ಗ ಖಾಲಿ ಇಟ್ಟುಕೊಂಡು, ನಕ್ಷಿ ಎಲ್ಲೈತ್ರಿ ಎಂದು ದಿನಾ ಬಾಗಿಲಿಗೆ ಬರುತ್ತಾನೆ. ನನ್ನ ಮನೆಯಾಕೆ ಉರುಕುಂದಮ್ಮ, ಮಗಳಿಗೆ ಆ ಕಂಪ್ಯೂಟರನ್ನೇ ಉಡಿಸಿ ಕಳಿಸ್ರಿ ಎನ್ನುತ್ತಾಳೆ. ನಾನು ನಗುತ್ತಲೇ ಮದುವೆಗೆ ಉಳಿದ ದಿನ ಎಣಿಸುತ್ತೇನೆ.

ಆದ್ದರಿಂದ ತಾವು ದಯಮಾಡಿ ಹೊರಡಬೇಕು. ಹೊರಡುವಾಗ ಕರೆತಂದವರನ್ನೆಲ್ಲ ಕರೆದೊಯ್ಯಬೇಕು. ಕಪ್ಪು ಕಿಟಕಿ ತೆರೆದಾಗಲೆಲ್ಲ ತಾವು ಕಾಣುತ್ತಿಲ್ಲವೆಂದು ಕಂಪ್ಯೂಟರ್ ಗೋಳಾಡದಂತೆ ಅದಕ್ಕೆ ಸಮಾಧಾನ ಹೇಳಬೇಕು. ಕೈಲಾದರೆ ಮಲ್ಲೇಶನ ನಾಲಿಗೆಯಿಂದಲೂ ತಮ್ಮ ಹೆಸರನ್ನು ಅಳಿಸಬೇಕು.

ತಮ್ಮ ಬೆನ್ನು ನೋಡಲು ಹಂಬಲಿಸುವ,
ತಮ್ಮ ವಿಶ್ವಾಸಿ,
ಮಾರ್ಕಂಡೇಯ

ತಾ.ಕ.: ಪತ್ರ ಮುಗಿಸಿ, ತಮ್ಮದೊಂದು ಚೂರೂ ಉಳಿಯದಂತೆ ಅಳಿಸಿಬಿಟ್ಟೆ. ಕಂಪ್ಯೂಟರ್ ತುಂಬ ಜಾಗ! ಆದರೆ ತಾವು ಹೋಗುತ್ತ ಚಿತ್ರ ಬರೆಯುವ ಆ ಸಾಫ್ಟ್‌ವೇರನ್ನೂ ಕರೆದೊಯ್ದಿದ್ದೀರಿ. ಮಗಳ ದಡಿಯ ನಕ್ಷೆ ಇಲ್ಲೇ ಇದೆ, ತೆರೆಯುವವರಿಲ್ಲ. ಸಿಟ್ಟು ಬಿಟ್ಟು ಇವತ್ತೇ ಮರಳಿ ಬರ್ರಿ. ಆ ಸಾಫ್ಟ್‌ವೇರ್ ಮತ್ತು ತಾವು, ಇಬ್ಬರೇ ಬರ್ರಿ.